ಮಾವನ ಪುಟ್ಟ ಕಾರಿನ ಬಿಸಿ ಮೋಟಾರು

ನಮ್ಮ ಮಾವ ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿದವರು. ಒಂದು ಬದಿ ಬಂಡೆ, ಇನ್ನೊಂದು ಬದಿ ಕಣಿವೆ, ಅಂಥ ಬೆಟ್ಟದ ದಾರಿ ಅವರದು. ನಿವೃತ್ತಿಗೆ ಎರಡು ವರ್ಷ ಉಳಿದಿರುವಾಗ ಬಲಗಣ್ಣು ಮಂಜಾಯಿತು. ಡಿಪೋದವರು ಸ್ಟೀರಿಂಗ್ ಬಿಡಿಸಿ, ಗೇಟಿನ ಪಕ್ಕ ಕುರ್ಚಿ ಹಾಕಿಕೊಟ್ಟು, ಬಂದುಹೋಗುವ ಬಸ್ಸುಗಳ ನಂಬರು ಬರೆಯುವ ಕೆಲಸ ಕೊಟ್ಟರು. ಆ ಎರಡು ವರ್ಷ ಮನೆಯಲ್ಲಿ ಅವರ ದನಿ ಕೇಳಿದ್ದೇ ಅಪರೂಪ.

ನಿವೃತ್ತರಾದ ವರ್ಷ ನನ್ನ ಗಂಡ ಮಗಳಿಗೆಂದು ರಿಮೋಟ್ ಕಾರು ತಂದರು. ಗೇರು, ಮೋಟಾರು ಎಲ್ಲ ಬಿಚ್ಚಿ ಬದಲಿಸಬಹುದಾದ ಗಟ್ಟಿ ಕಾರು. ಮಗಳಿಗೆ ಎರಡೇ ದಿನಕ್ಕೆ ಸಾಕಾಯಿತು. ಮೂರನೆಯ ದಿನ ಬಟ್ಟೆ ಒಣಹಾಕಲು ಮಹಡಿಗೆ ಹೋದರೆ, ಮಾವ ಒಂದು ಕಣ್ಣು ಮುಚ್ಚಿಕೊಂಡು, ನೀರಿನ ಟ್ಯಾಂಕಿನ ಸುತ್ತ ಕಾರು ಓಡಿಸುತ್ತಿದ್ದಾರೆ! ನನ್ನನ್ನು ಕಂಡು ನಾಚಿಕೊಂಡರು.

"ಸುಮ್ನೆ ನೋಡ್ತಿದ್ದೆನಮ್ಮ, ಬ್ರೇಕ್ ಹೇಗಿದೆ ಅಂತ."

ಆ ನಾಚಿಕೆ ಒಂದು ವಾರವೂ ಉಳಿಯಲಿಲ್ಲ. ಮಹಡಿ, ಪಡಸಾಲೆ, ಅತ್ತೆಯ ಹೊಲಿಗೆ ಕೋಣೆ, ಎಲ್ಲೆಲ್ಲೂ ಕಾರಿನದೇ ಗುಂಯ್ ಸದ್ದು. ಭಾನುವಾರ ಬೆಳಗ್ಗೆ ಹತ್ತಿರದ ಮೈದಾನದಲ್ಲಿ ಇಂಥದೇ ಹುಚ್ಚಿನ ನಾಲ್ಕಾರು ಜನ ಸೇರುತ್ತಿದ್ದರು. ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ಬೀಗ ರಿಪೇರಿಯವರು. ಎಲ್ಲರಿಗೂ ಇವರು 'ಡ್ರೈವರ್ ಸಾರ್'. ವೇಗ ಹೆಚ್ಚಲಿ ಅಂತ ಡಾಕ್ಟರು ಮೋಟಾರಿಗೆ ಹಾಕುವ ದೊಡ್ಡ ಗೇರೊಂದನ್ನು ಕೊಟ್ಟರು. ಬೆಟ್ಟದ ದಾರಿಯಲ್ಲಿ ಮೂವತ್ತು ದಾಟದ ಮನುಷ್ಯ ಅದನ್ನು ಅವತ್ತೇ ಹಾಕಿಕೊಂಡರು!

ಎರಡೇ ವಾರಕ್ಕೆ ಮೋಟಾರು ಸುಟ್ಟು ಕರಕಲಾಯಿತು. ಹೊಸದು ಹಾಕಿದರೆ ಅದೂ ಐದು ನಿಮಿಷಕ್ಕೆ ಕೆಂಡ. ಮೂರು ಎಣಿಸುವಷ್ಟು ಹೊತ್ತು ಬೆರಳಿಡಲು ಆಗುತ್ತಿರಲಿಲ್ಲ. ಮಾವ ಗಾಳಿ ಆಡಲೆಂದು ಮೇಲಿನ ಪ್ಲಾಸ್ಟಿಕ್ ಹೊದಿಕೆಗೆ ತೂತು ಕೊರೆದರು. ಹಳೆಯ ಕಂಪ್ಯೂಟರಿನೊಳಗಿನ, ಬಿಸಿ ಹೀರುವ ಅಲ್ಯೂಮಿನಿಯಮ್ ತುಂಡನ್ನು ಮೋಟಾರಿಗೆ ಬಿಗಿದರು. ಏನು ಮಾಡಿದರೂ ಬಿಸಿ ಇಳಿಯಲಿಲ್ಲ. ಒಂದು ಸಂಜೆ ಕಾರನ್ನು ಡಬ್ಬಿಗೆ ಹಾಕಿ, ಅಟ್ಟದ ಮೇಲಿಡು ಅಂತ ನನ್ನ ಕೈಗೆ ಕೊಟ್ಟರು.

"ಬಿಡಮ್ಮ. ನನ್ನ ಕೈಗೆ ಇನ್ನು ಯಾವ ಗಾಡಿಯೂ ಒಗ್ಗಲ್ಲ ಅನ್ಸತ್ತೆ."

ಆ ಮಾತು ಕೇಳಿ ಅತ್ತೆ ಹೊಲಿಯುತ್ತಿದ್ದ ಪರದೆ ಬದಿಗಿಟ್ಟು, "ತಾ ಇಲ್ಲಿ" ಅಂದರು. ಕಾರನ್ನು ಮಗುಚಿ, ಹಿಂದಿನ ಚಕ್ರ ಬೆರಳಲ್ಲಿ ತಿರುಗಿಸಿದರು. ಅದು ಅರ್ಧ ಸುತ್ತಿಗೇ ನಿಂತಿತು.

"ರೀ, ಇದು ಇಷ್ಟು ಬಿಗಿಯಾಗಿದ್ರೆ ಮೋಟಾರು ಕಾಯದೆ ಇನ್ನೇನು ಮಾಡತ್ತೆ? ನನ್ನ ಮಿಷನ್ನೂ ಹೀಗೇ ಮುನಿಸ್ಕೊಳ್ಳೋದು."

ಕನ್ನಡಕ ಏರಿಸಿಕೊಂಡು, ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಚಕ್ರದ ಸಂದಿಗೆ ಹಾಕಿ ಎಳೆದರು. ಕೆಂಪು, ಹಸಿರು, ಬಿಳಿ ದಾರ ಮಾರುಗಟ್ಟಲೆ ಬಂತು. ಜೊತೆಗೆ ನನ್ನವೇ ಒಂದಿಷ್ಟು ಉದ್ದ ಕೂದಲು. ಅತ್ತೆಯ ಕೋಣೆಯ ನೆಲವನ್ನೆಲ್ಲ ಗುಡಿಸಿಕೊಂಡು ಬಂದಿತ್ತು ಕಾರು!

"ಇಷ್ಟು ದಿನ ನನ್ನ ದಾರ ಕದೀತಿದ್ದೋರು ನೀವೇನಾ?"

ಮಾವ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಮೇಲೆ ತಾವೂ ಚಕ್ಕಳಮಕ್ಕಳ ಹಾಕಿ ಕೂತರು. ದೊಡ್ಡ ಗೇರು ತೆಗೆದು ಹಳೆಯ ಚಿಕ್ಕದನ್ನೇ ಹಾಕಿದರು.

"ಏರಿನಲ್ಲಿ ಟಾಪ್ ಗೇರ್ ಹಾಕಿದ್ರೆ ಇಂಜಿನ್ ಒದ್ದಾಡತ್ತೆ ಅಂತ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೀನಿ! ಇಲ್ಲಿ ನಾನೇ ಮರೆತೆ ನೋಡು."

ಹಲ್ಲುಗಳು ತೀರಾ ಒತ್ತಿಕೊಳ್ಳದಿರಲೆಂದು ಎರಡು ಗೇರಿನ ನಡುವೆ ಕಾಗದದ ಚೂರಿಟ್ಟು ಸ್ಕ್ರೂ ಬಿಗಿದು, ಆಮೇಲೆ ಅದನ್ನು ಎಳೆದು ತೆಗೆದರು. ಚಕ್ರದ ಅಚ್ಚಿಗೆ ಅತ್ತೆಯ ಮಿಷನ್ ಎಣ್ಣೆ ಒಂದೇ ತೊಟ್ಟು. ಹತ್ತು ನಿಮಿಷ ಓಡಿಸಿ ಬೆರಳಿಟ್ಟರೆ ಮೋಟಾರು ಬರೀ ಬೆಚ್ಚಗಿತ್ತು.

ಮುಂದಿನ ಭಾನುವಾರ ಮೈದಾನದಲ್ಲಿ ಇಪ್ಪತ್ತು ಸುತ್ತಿನ ಪಂದ್ಯ. ನಾನೂ ಅತ್ತೆಯೂ ನೋಡಲು ಹೋಗಿದ್ದೆವು. ಸುಡುಬಿಸಿಲು. ಡಾಕ್ಟರ ಕಾರು ಬಾಣದ ಹಾಗೆ ಹೋಗಿ ಹದಿನಾಲ್ಕನೆಯ ಸುತ್ತಿನಲ್ಲಿ ಹೊಗೆ ಉಗುಳಿ ನಿಂತಿತು. ಇನ್ನೆರಡು ಕಾರು ಹುಲ್ಲಿನಲ್ಲಿ ಸಿಕ್ಕಿ ಉಸಿರುಗಟ್ಟಿದವು. ಮಾವನದು ಅವಸರವಿಲ್ಲದೆ, ಒಂದೇ ಸಮನೆ ಸುತ್ತಿ ಎರಡನೆಯದಾಗಿ ಬಂತು. ಗೆದ್ದ ಬೀಗ ರಿಪೇರಿಯವರನ್ನು ಅಲ್ಲೇ ಬಿಟ್ಟು ಎಲ್ಲರೂ ಇವರ ಸುತ್ತ ಮುತ್ತಿಕೊಂಡು ಮೋಟಾರು ಮುಟ್ಟಿ ಮುಟ್ಟಿ ನೋಡಿದರು.

"ಏನ್ ಮಾಡಿದ್ರಿ ಡ್ರೈವರ್ ಸಾರ್?"

"ನಾನೇನೂ ಮಾಡಿಲ್ಲ. ನಮ್ಮ ಮನೆ ಮೆಕ್ಯಾನಿಕ್ಕನ್ನ ಕೇಳಿ" ಅಂತ ಅತ್ತೆಯ ಕಡೆ ಕೈ ತೋರಿಸಿದರು.

ಈಗ ಭಾನುವಾರ ಇಬ್ಬರೂ ಜೊತೆಗೇ ಹೊರಡುತ್ತಾರೆ. ಒಂದು ಬ್ಯಾಟರಿ ಮುಗಿದರೆ ಕಾಲು ಗಂಟೆ ಮೋಟಾರು ಆರಬೇಕು, ಅದು ಮಾವನ ಕಟ್ಟುನಿಟ್ಟು. ಅಷ್ಟು ಹೊತ್ತು ಮೈದಾನದ ಮೋಟುಗೋಡೆಯ ಮೇಲೆ ಕೂತು, ಫ್ಲಾಸ್ಕಿನ ಚಹಾ ಕುಡಿಯುತ್ತಾ ಮಾತಾಡುತ್ತಾರೆ. ಕಾರು ಆರಿ ಎಷ್ಟೋ ಹೊತ್ತಾದರೂ ಮಾತು ಮುಗಿದಿರುವುದಿಲ್ಲ.