ಸುಣ್ಣ ಬೆಲ್ಲ ಹಚ್ಚಿದ ಸಮಾಧಾನ

ನನಗೆ ಸಿಟ್ಟು ಬೇಗ, ಮಾತು ಅದಕ್ಕಿಂತ ಬೇಗ. ಆದರೂ ಹಿರಿಯೂರಿನ ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಜಗಳ ಬಿಡಿಸುವ ಕೆಲಸ ನನ್ನದೇ ಆಗಿತ್ತು, ಏಕೆಂದರೆ ನನ್ನ ಗಂಡ ಪಾದ್ರಿಗಳಿಲ್ಲದಾಗ ಸಭೆ ನಡೆಸುವ ಉಪದೇಶಿ. ಮಹಾರಾಜರ ಕಾಲ ಅದು. ಪಾದ್ರಿಗಳು ಮೂರು ತಿಂಗಳಿಗೊಮ್ಮೆ ಚಿತ್ರದುರ್ಗದಿಂದ ಎತ್ತಿನ ಗಾಡಿಯಲ್ಲಿ ಬಂದು ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುತ್ತಿದ್ದರು. ಮುನಿಸಿಕೊಂಡವರು ಮೊದಲು ರಾಜಿಯಾಗಬೇಕು, ಆಮೇಲೇ ರೊಟ್ಟಿಗೆ ಕೈಯೊಡ್ಡಬೇಕು ಎಂಬುದು ಕಟ್ಟುನಿಟ್ಟು.

ಪಕ್ಕದ ಮನೆಯಲ್ಲಿ ನಮ್ಮ ಸಭೆಯವರೇ ಆದ ಇಬ್ಬರು ಓರಗಿತ್ತಿಯರಿದ್ದರು. ಬೆಳಗಾದರೆ ಎದುರುಬದುರು ಕುಳಿತು, ಒಂದೇ ಗೂಟಕ್ಕೆ ಇಬ್ಬರೂ ಕೈಹಾಕಿ ರಾಗಿ ಬೀಸುತ್ತಿದ್ದರು. ಆ ಬೀಸುವ ಕಲ್ಲು ಹಿರಿಯಾಕೆ ಹರಿಯಬ್ಬೆ ಊರಿನ ತನ್ನ ತವರಿನಿಂದ ತಂದದ್ದು. ಒಂದು ಮಧ್ಯಾಹ್ನ ಇಬ್ಬರೂ ಹೊಲಕ್ಕೆ ಹೋಗಿದ್ದಾಗ, ಇದ್ದ ಸಲಿಗೆಯಿಂದ ನಾನೇ ಹೋಗಿ ನಮ್ಮ ರಾಗಿ ಬೀಸಿಕೊಂಡೆ. ಹಿಟ್ಟು ಬಳಿಯಲೆಂದು ಮೇಲಿನ ಕಲ್ಲು ಎತ್ತಿದೆ, ಕೈ ಜಾರಿತು. ಅಂಚಿನಿಂದ ಅಂಗೈಯಗಲದ ಚಕ್ಕೆ ಎದ್ದಿತು. ನಾನೇನು ಮಾಡಿದೆ ಅಂತೀರಿ? ಸುಣ್ಣ ಬೆಲ್ಲ ಕಲಸಿ ಚಕ್ಕೆ ಅಂಟಿಸಿ, ಸೆರಗು ಕೊಡವಿಕೊಂಡು ಮನೆಗೆ ಬಂದೆ.

ಮರುದಿನ ಬೀಸುವಾಗ ಆ ಚಕ್ಕೆ ಕಿರಿಯಾಕೆಯ ಮಡಿಲಿಗೇ ಬಿತ್ತು.

"ಹಂಗೆ ಎಳಿಬ್ಯಾಡ ಅಂದ್ರೆ ಕೇಳ್ತೀಯೇನೇ? ನನ್ನ ತವರಿನ ಕಲ್ಲು ಒಡೆದ್ಯಲ್ಲ!" ಎಂದು ಹಿರಿಯಾಕೆ ಕೂಗಿದಳು.

"ಇಲ್ನೋಡಕ್ಕ, ಅಂಟು ಹಚ್ಚೈತೆ. ನೀನೇ ಒಡೆದು ನನ್ನ ತಲಿಗೆ ಕಟ್ತೀಯಾ?" ಎಂದಳು ಕಿರಿಯಾಕೆ.

ಅಂದಿನಿಂದ ಮಾತು ನಿಂತಿತು. ಒಬ್ಬೊಬ್ಬರೇ ಬೇರೆ ಬೇರೆ ಹೊತ್ತಿನಲ್ಲಿ ಏದುಸಿರು ಬಿಡುತ್ತ ಬೀಸತೊಡಗಿದರು. ಪಾದ್ರಿಗಳು ಬರಲಿದ್ದ ಭಾನುವಾರ ಕಳೆದ ಮಾರನೇ ದಿನವೇ ಒಲೆ ಬೇರೆ ಮಾಡುವುದೆಂದು ತೀರ್ಮಾನವೂ ಆಯಿತು.

ನಾನು ಸುಮ್ಮನಿರಬಹುದಿತ್ತು. ಹೆಂಗಸರ ಪ್ರಾರ್ಥನಾ ಕೂಟದಲ್ಲಿ, ಸಮಾಧಾನ ಮಾಡುವವರನ್ನು ಯೇಸುಸ್ವಾಮಿ ದೇವರ ಮಕ್ಕಳೆಂದು ಕರೆದರೆಂದು ಗಂಟಲು ಹರಿಯುವಂತೆ ಪಾಠ ಹೇಳಿದೆ. ಹಿರಿಯಾಕೆಗೆ, ಚಿಕ್ಕವಳು, ಕ್ಷಮಿಸಿಬಿಡಿ ಎಂದೆ. ಕಿರಿಯಾಕೆಗೆ, ಸೋತುಬಿಡಮ್ಮ ಎಂದೆ.

"ಮಾಡ್ದಿರೋ ತಪ್ಪಿಗೆ ಹೆಂಗೆ ಸೋಲ್ಲಿ ಅಮ್ಮೋರೆ?" ಎಂದು ಅವಳು ಅತ್ತಳು. ನನಗೆ ಅನ್ನ ಸೇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಉಪದೇಶಿಯ ಹೆಂಡತಿಯ ಮರ್ಯಾದೆ ನೋಡಿ!

ಪಾದ್ರಿಗಳು ಬರುವ ಆ ಭಾನುವಾರ ಬೆಳಿಗ್ಗೆ ನನ್ನ ಗಂಡ ಮನೆಯ ಪ್ರಾರ್ಥನೆಯಲ್ಲಿ, ಜಗಳವಾದ ಮನೆಗಳಿಗೆ ಓಡಾಡುವ ಹೆಂಡತಿಯನ್ನು ಕೊಟ್ಟದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಡಿಗೆಗೆ ಮೊದಲು ದಿನಕ್ಕೊಂದು ಹಿಡಿಯಂತೆ ದೇವರಿಗೆಂದು ಎತ್ತಿಟ್ಟ ರಾಗಿಯ ಮಡಕೆಯನ್ನು ಹೊತ್ತು ನಮ್ಮ ಸಭೆಯ ಗುಡಿಗೆ ಹೊರಟವಳು, ಪಕ್ಕದ ಮನೆಯ ಜಗಲಿಯ ಮೇಲೆ ಅದನ್ನು ಇಳಿಸಿ ಇಬ್ಬರನ್ನೂ ಕರೆದೆ.

"ಕಲ್ಲು ಒಡೆದೋಳು ನಾನು. ಸುಣ್ಣ ಬೆಲ್ಲ ಹಚ್ಚಿದೋಳೂ ನಾನೇ. ನನ್ನ ಕ್ಷಮಿಸ್ರಿ."

ಹದಿನೈದು ದಿನ ಮಾತು ಬಿಟ್ಟವರು ಒಂದೇ ದನಿಯಲ್ಲಿ ನನ್ನ ಮೇಲೆ ಬಿದ್ದರು.

"ಪಾಠ ಬೇರೆ ಹೇಳಿದ್ರಲ್ರೀ!"

"ನನ್ನ ಸೋತುಬಿಡು ಅಂದ್ರು, ಅಕ್ಕಾ!"

"ನಾನು ಕ್ಷಮಿಸ್ಬೇಕಂತೆ, ಕೇಳೇ!"

ನನ್ನನ್ನು ಬೈಯುತ್ತಲೇ ಹಿರಿಯಾಕೆ ತನ್ನ ಸೆರಗಿನಿಂದ ಕಿರಿಯಾಕೆಯ ಕಣ್ಣೊರೆಸಿದಳು. ನನಗೆ ನಾಚಿಕೆಯೂ ನಗುವೂ ಒಟ್ಟಿಗೆ ಬಂದವು. ಇಬ್ಬರ ಬಾಯಿ ಮುಚ್ಚಿಸುವುದೇ ಸಮಾಧಾನ ಎಂದು ನಾನು ತಿಳಿದಿದ್ದೆ. ಅದಕ್ಕೆ ಮೊದಲು ನನ್ನ ಬಾಯಿ ತೆರೆಯಬೇಕಿತ್ತು. ಅಂದು ಪ್ರಭುಭೋಜನಕ್ಕೆ ಮೂವರೂ ಒಂದೇ ಸಾಲಿನಲ್ಲಿ ಮಂಡಿಯೂರಿದೆವು.

ಸೋಮವಾರ ಒಲೆ ಬೇರೆಯಾಗಲಿಲ್ಲ. ನಾನು ರಾಗಿ ಹಿಡಿದು ಹೆದರುತ್ತಲೇ ಬಾಗಿಲಲ್ಲಿ ನಿಂತೆ. ಹಿರಿಯಾಕೆ ಪಕ್ಕಕ್ಕೆ ಸರಿದು ಗೂಟದ ಮೇಲೆ ನನಗೂ ಜಾಗ ಬಿಟ್ಟಳು.

"ಬರ್ರಿ ಅಮ್ಮೋರೆ, ಕುಂತ್ಕಳ್ರಿ. ಕಲ್ಲು ಮಾತ್ರ ನಾವೇ ಎತ್ತುತೀವಿ."