ಅಪ್ಪ ತುಳಿದ ಕರೆಂಟ್ ಪೆಟ್ಟಿಗೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮಧುಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅಂದರೆ ಜಗತ್ತಿನ ಎಲ್ಲ ತೊಂದರೆಗಳಿಗೂ ನನ್ನ ಬಳಿ ಪರಿಹಾರವಿತ್ತು. ಆಗ ನಮ್ಮ ಮನೆಯ ತೊಂದರೆ ಅಪ್ಪನ ಬಲಮಂಡಿ.

ಅಪ್ಪ ಮಿಡಿಗೇಶಿ ಸುತ್ತಿನ ಹಳ್ಳಿಗಳಿಗೆ ನಾಟಕದ ಮೇಷ್ಟ್ರು. ಜೀವಮಾನವೆಲ್ಲ ಕಾಲು ಹಾರ್ಮೋನಿಯಂ ತುಳಿದು ಮಂಡಿ ಸವೆದಿತ್ತು. ಇನ್ನು ತುಳಿದರೆ ನಡೆಯುವುದೂ ಕಷ್ಟ ಎಂದರು ಡಾಕ್ಟರು. ತುಳಿಯದಿದ್ದರೆ ಮೇಷ್ಟ್ರಿಕೆ ಇಲ್ಲ. ಮೇಷ್ಟ್ರಿಕೆ ಇಲ್ಲದ ಅಪ್ಪ ಜಗಲಿಯ ಮೇಲೆ ಕೂತು, ದಾರಿಯಲ್ಲಿ ಹೋಗುವ ಕುರಿಗಳಿಗೂ ಶ್ರುತಿ ಸರಿಯಿಲ್ಲವೆಂದು ಬೈಯತೊಡಗಿದ. ಕುರಿ ಕಾಯುವವರು ದಾರಿ ಬದಲಿಸಿದರು. ಅಪ್ಪನನ್ನು ಹಾಗೆ ನೋಡುವುದು ನನ್ನಿಂದ ಆಗಲಿಲ್ಲ.

ಬೆಂಗಳೂರಿನಲ್ಲಿ ಬಾಗಿಲು ಹಾಕುತ್ತಿದ್ದ ಹೋಟೆಲೊಂದರಿಂದ ಹಳೆಯ ಎಲೆಕ್ಟ್ರಿಕ್ ಆರ್ಗನ್ ಕೊಂಡೆ. ನನಗಿಂತ ಹಿರಿಯದು, ಬೀರುವಿನ ತೂಕ. ಕಾಲಿನಿಂದ ಒತ್ತುವ ಪಟ್ಟಿಗಳೆಲ್ಲ ಹೋಟೆಲಿನಲ್ಲೇ ಕಳಚಿಹೋಗಿದ್ದವು. ಒಳಗೆ ಮೋಟಾರು ತಿರುಗಿದರೆ ಸ್ವರ. ಗಾಳಿ ಬೇಡ, ತುಳಿತ ಬೇಡ. ಪಾವಗಡಕ್ಕೆ ಹೋಗುತ್ತಿದ್ದ ಖಾಲಿ ಕಡಲೇಕಾಯಿ ಲಾರಿಗೆ ಹೇರಿಸಿದೆ. "ಏಂಟಿ ಸಾರ್ ಇದಿ, ಪಿಂಡಿ ಮರನಾ?" ಎಂದು ತೆಲುಗಿನಲ್ಲಿ ಕೇಳಿದ ಡ್ರೈವರ್. ಸಂಗೀತದ ಪೆಟ್ಟಿಗೆ ಎಂದೆ. ಹಿಟ್ಟಿನ ಗಿರಣಿಯಾಗಿದ್ದರೆ ಉಪಯೋಗಕ್ಕಾದರೂ ಬರುತ್ತಿತ್ತು ಎಂಬಂತೆ ನೋಡಿದ.

ಅಪ್ಪ ಅದರ ಸುತ್ತ ಒಂದು ಸುತ್ತು ಬಂದ. "ಉಸ್ರೇ ಇಲ್ದಿದ್ ಪೆಟ್ಗೆ ಕಣ್ಲಾ ಇದು. ಮುಂದೆ ಕೂತ್ಕಂಡು ಏನ್ ಮಾಡ್ಲಿ, ಊದ್ಬತ್ತಿ ಹಚ್ಲಾ?"

ಆದರೂ ಒಂದು ತಂಡದವರು ಕರೆದಾಗ ಆಸೆ ತಡೆಯಲಾಗದೆ ಒಪ್ಪಿದ. ಬೆಟ್ಟದ ಬುಡದ ಶಾಲೆಯಲ್ಲಿ ಭಾನುವಾರ ಮಧ್ಯಾಹ್ನ ತಾಲೀಮು. ನಮ್ಮ ಕರೆಂಟು ಎಂದಿನ ಶಿಸ್ತಿನಿಂದ ಹೋಗಿದ್ದರಿಂದ ಶಿರಾದಿಂದ ಜನರೇಟರ್ ತರಿಸಿದ್ದರು. ಗದೆ ಹೊತ್ತ ಪಾತ್ರಧಾರಿ ಕಪ್ಪು ಎರಡರ ಎತ್ತರದ ಶ್ರುತಿಯಲ್ಲಿ ಗರ್ಜಿಸುತ್ತಿದ್ದಾಗಲೇ ಯಾರೋ ವೇದಿಕೆಯ ದೀಪಗಳನ್ನು ಹಾಕಿ ನೋಡಿದರು. ಜನರೇಟರ್ ಏದುಸಿರು ಬಿಟ್ಟಿತು, ಮೋಟಾರು ನಿಧಾನವಾಯಿತು, ಆರ್ಗನ್ನಿನ ಶ್ರುತಿ ಜಾರಿತು. ಮೇಷ್ಟ್ರ ಶ್ರುತಿಯೇ ವೇದವೆಂದು ನಂಬಿದ್ದ ಪಾತ್ರಧಾರಿಯೂ ಅದರ ಹಿಂದೆಯೇ ಜಾರಿದ. ಅಪ್ಪ ಮಾತ್ರ ಬಿಡಲಿಲ್ಲ. ಶ್ರುತಿ ಇಳಿದರೆ ಗಾಳಿ ಸಾಲದೆಂದೇ ಅವನಿಗೆ ಗೊತ್ತಿದ್ದದ್ದು. ಖಾಲಿ ನೆಲವನ್ನು ಬಲಗಾಲಿನಿಂದ ದಬದಬ ತುಳಿಯತೊಡಗಿದ. ತಾಲೀಮು ಮುಗಿಯುವವರೆಗೂ ತುಳಿದ. ಸಂಜೆಗೆ ಮಂಡಿ ತೆಂಗಿನಕಾಯಿಯಷ್ಟು ಊದಿತ್ತು. ಕಾಲು ಉಳಿಸಲು ನಾನು ತಂದಿದ್ದ ಯಂತ್ರವದು.

ಸೋಲೊಪ್ಪಿಕೊಂಡರೆ ನಾನೆಂಥ ಗುಮಾಸ್ತ? ಹಳೆಯ ಹಾರ್ಮೋನಿಯಂನ ಪೆಡಲು ಬಿಚ್ಚಿ, ಹಗುರವಾದ ಸ್ಪ್ರಿಂಗ್ ಹಾಕಿ ಆರ್ಗನ್ನಿನ ಕೆಳಗೆ ಕೂರಿಸಿದೆ. ಅದಕ್ಕೂ ಸ್ವರಕ್ಕೂ ಯಾವ ಸಂಬಂಧವೂ ಇರಲಿಲ್ಲ. "ಈಗ ಗಾಳಿ ಒಳಕ್ಕೋಯ್ತದೆ ಅಪ್ಪಾ, ಮೆಲ್ಲಗೆ ತುಳುದ್ರೆ ಸಾಕು" ಎಂದೆ. ಅಪ್ಪ ತಲೆಯಾಡಿಸಿದ. ಮೂರು ವರ್ಷ ಕೊರಟಗೆರೆ, ಶಿರಾ, ಪಾವಗಡವೆಂದು ತಿರುಗಿದ. ಮಂಡಿ ಮತ್ತೆ ಊದಲಿಲ್ಲ. ಅಪ್ಪನಿಗೆ ಹೇಗೆ ಟೋಪಿ ಹಾಕಿದೆನೆಂದು ಕಚೇರಿಯಲ್ಲಿ ಎಲ್ಲರ ಮುಂದೆ ಕೊಚ್ಚಿಕೊಂಡೆ.

ಒಂದು ದಿನ ಮನೆಯಲ್ಲಿ ಅಪ್ಪ ನುಡಿಸುತ್ತಿದ್ದಾಗ ಸ್ಕ್ರೂ ಸಡಿಲವಾಗಿ ಪೆಡಲು ಕಳಚಿ ಬಿತ್ತು. ಆರ್ಗನ್ ನಿರಾತಂಕವಾಗಿ ನುಡಿಯುತ್ತಲೇ ಇತ್ತು. ನಾನು ಬಿದ್ದ ಪೆಡಲನ್ನೇ ನೋಡುತ್ತಾ ನಿಂತೆ. ಅಪ್ಪ ಹಾಡು ಮುಗಿಸಿ, ನನ್ನತ್ತ ತಿರುಗದೆಯೇ ಹೇಳಿದ:

"ಮೊದಲ್ನೇ ದಿನಾನೇ ಗೊತ್ತಾಯ್ತು ಕಣ್ಲಾ. ನನ್ ಮಂಡಿಗೋಸ್ಕರ ಮಗ ಇಷ್ಟೊಂದು ಒದ್ದಾಡ್ತಾವ್ನೆ, ಅವನ ಮರ್ವಾದೆ ಯಾಕ್ ಕಳೀಬೇಕು ಅಂತ ತುಳೀತಿದ್ದೆ. ನೋಡ್ತಾ ನಿಂತ್ಬುಟ್ಟೆ ಯಾಕ್ಲಾ, ಸ್ಕ್ರೂ ಬಿಗಿ ಮಾಡು."

ನಾನು ಆರ್ಗನ್ನಿನ ಕೆಳಗೆ ತೂರಿಕೊಂಡೆ. ಕಣ್ಣು ತುಂಬಿ ಬಂದಿದ್ದರಿಂದ ಸ್ಕ್ರೂ ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು.