ಸಿರಿಲ್ ಪೊರ್ಬುಗಳ ಕಾರ್ಡು

ರೈಫಲ್ ಕೊಳ್ಳಲು ಬಂದವರಿಗೆ ಸಿರಿಲ್ ಪೊರ್ಬುಗಳು ಮೊದಲು ಹೇಳುತ್ತಿದ್ದ ಮಾತು ‘ಕಣ್ಣು ಮುಚ್ಚಿ’. ಬಂದವರು ಎಷ್ಟು ದೊಡ್ಡ ಮನೆತನದವರೆಂಬುದು ಅವರಿಗೆ ಲೆಕ್ಕಕ್ಕಿರಲಿಲ್ಲ. ತಮ್ಮ ಹರಕು ಅರಬ್ಬಿಯಲ್ಲಿ ‘ಸಕ್ಕರ್ ಐನ್, ಬಾಬಾ’ ಎಂದು ಗದರುವರು. ಇಸ್ತ್ರಿ ಮಾಡಿದ ಬಿಳಿ ದಿಶ್‌ದಾಶಾ ತೊಟ್ಟ ಆ ಮನುಷ್ಯ ಪುಟ್ಟ ಮಗುವಿನ ಹಾಗೆ ಕಣ್ಣು ಮುಚ್ಚಿ, ಖಾಲಿ ರೈಫಲನ್ನು ಹೆಗಲಿಗೆ ಕೊಟ್ಟು, ಮರದ ಹಿಡಿಗೆ ಕೆನ್ನೆ ಒತ್ತಿ ನಿಲ್ಲುವುದು. ಆಮೇಲೆ ಕಣ್ಣು ತೆರೆಯಬೇಕು. ತೆರೆದ ಕೂಡಲೇ ದುರ್ಬೀನಿನ ತುಂಬ ಬೆಳಕು ಕಾಣಬೇಕು. ಅಂಚಿನಲ್ಲಿ ಒಂದೆಳೆ ಕಪ್ಪು ಕಂಡರೂ ಪೊರ್ಬುಗಳು ಸ್ಕ್ರೂ ಸಡಿಲಿಸಿ, ದುರ್ಬೀನನ್ನು ಅಕ್ಕಿಕಾಳಿನಷ್ಟು ಹಿಂದೆಯೋ ಮುಂದೆಯೋ ಸರಿಸಿ, ಪುನಃ ‘ಕಣ್ಣು ಮುಚ್ಚಿ’ ಎನ್ನುವರು. ಇದು ಐದಾರು ಸಲವಾದರೂ ನಡೆಯುತ್ತಿತ್ತು.

“ದುರ್ಬೀನು ಮನುಷ್ಯನ ಹತ್ರ ಬರ್ಬೇಕು ವಸಂತಿ, ಮನುಷ್ಯ ದುರ್ಬೀನಿನ ಹತ್ರ ಕುತ್ತಿಗೆ ಉದ್ದ ಮಾಡ್ಲಿಕ್ಕಿಲ್ಲ,” ಎಂದು ನನಗೆ ಹೇಳುತ್ತಿದ್ದರು. ಬೇರೆಲ್ಲೋ ದುರ್ಬೀನು ಕೂರಿಸಿಕೊಂಡು ಬಂದ ಒಬ್ಬರ ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಇತ್ತು. ಗುಂಡು ಹಾರಿದ ಹೊಡೆತಕ್ಕೆ ದುರ್ಬೀನು ಹಿಂದೆ ಬಂದು ಬಡಿದದ್ದು. ಪೊರ್ಬುಗಳು ಅವರ ಗಾಯವನ್ನು ಕನ್ನಡಕ ಏರಿಸಿ ನೋಡಿ, “ಎರಡು ಬೆರಳು ಮುಂದೆ ಇಡ್ಬೇಕಿತ್ತು. ಪುಣ್ಯಕ್ಕೆ ಕಣ್ಣು ಉಳೀತು” ಎಂದರು. ಅದನ್ನು ಅರಬ್ಬಿಗೆ ತಿರುಗಿಸುವಾಗ ನಾನು ಸ್ವಲ್ಪ ಮೆತ್ತಗೆ ಮಾಡಬೇಕಾಯಿತು.

ನಮ್ಮ ಅಂಗಡಿ ಇರುವುದು ಕುವೈತಿನ ಮಿರ್ಕಾಬಿನಲ್ಲಿ. ಬೇಟೆಗೆ ಬೇಕಾದ ಸಾಮಾನಿನ ಅಂಗಡಿ. ನಾನು ಅಲ್ಲಿ ಕಾಗದಪತ್ರ ನೋಡಿಕೊಳ್ಳುವವಳು. ಲೈಸೆನ್ಸ್ ಫೈಲು, ಕಸ್ಟಮ್ಸ್ ಫೈಲು, ಫೋನು ಎಲ್ಲ ನನ್ನ ತಲೆಗೆ. ಕುವೈತಿನಲ್ಲಿ ಜಿಂಕೆ ಎಲ್ಲಿದೆ ಎಂದು ಊರಿನವರು ಕೇಳುತ್ತಾರೆ. ಇಲ್ಲಿಲ್ಲ. ನಮ್ಮ ಗಿರಾಕಿಗಳು ರೈಫಲ್ ಕಟ್ಟಿಕೊಂಡು ಕಜಕಸ್ತಾನದ ಬೆಟ್ಟಗಳಿಗೆ, ಕೆಲವರು ಅಮೆರಿಕಕ್ಕೆ, ಎಲ್ಕ್ ಹೊಡೆಯಲು ಹೋಗುತ್ತಾರೆ. ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣ, ಕುದುರೆಯಷ್ಟು ಎತ್ತರ. ಆ ಬೆಟ್ಟಗಳಲ್ಲಿ ಪ್ರಾಣಿಯ ಹತ್ತಿರ ಹೋಗಲಾಗುವುದಿಲ್ಲ. ಈ ಗುಡ್ಡದಿಂದ ಆ ಗುಡ್ಡಕ್ಕೆ ಗುರಿ ಇಡಬೇಕು. ಹಾಗಾಗಿ ರೈಫಲನ್ನು ಆ ಮನುಷ್ಯನ ಮೈಗೆ ಹೊಂದಿಸಿ ಕೊಡುವ ಕೆಲಸಕ್ಕೆ ಬೆಲೆ. ಆ ಕೆಲಸ ಪೊರ್ಬುಗಳದ್ದು.

ಪೊರ್ಬುಗಳು ಎಂದರೆ ನಮ್ಮ ತುಳುನಾಡಿನಲ್ಲಿ ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು. ಅವರ ಮನೆಮಾತು ಕೊಂಕಣಿ, ನನ್ನದು ತುಳು. ನಾವು ಮಾತಾಡುತ್ತಿದ್ದದ್ದು ಎರಡೂ ಅಲ್ಲದ, ಕನ್ನಡ ತುಳು ಕಲಸಿದ ಒಂದು ಭಾಷೆ. ಕಿನ್ನಿಗೋಳಿಯವರು. ಊರಿನಲ್ಲಿ ಹೊಲಿಗೆ ಮೆಷಿನು ರಿಪೇರಿ ಮಾಡುತ್ತಿದ್ದವರು, ಮಿರ್ಕಾಬಿನ ಬಟ್ಟೆ ಅಂಗಡಿಗಳ ಮೆಷಿನು ನೋಡಿಕೊಳ್ಳಲು ಬಂದು, ವೀಸಾ ಕೊಟ್ಟು ಕರೆಸಿದ ಧಣಿ, ಅಂದರೆ ಕಫೀಲ್, ಈ ಅಂಗಡಿ ತೆರೆದಾಗ ಇಲ್ಲಿಗೆ ಸೇರಿದರು. “ಸೂಜಿಗೂ ಶಟ್ಲಿಗೂ ಕೂದಲಿನಷ್ಟು ವ್ಯತ್ಯಾಸ ಬಂದ್ರೆ ಹೊಲಿಗೆ ಬೀಳುದಿಲ್ಲ. ಇಲ್ಲಿಯೂ ಅದೇ, ಶಬ್ದ ಮಾತ್ರ ಜಾಸ್ತಿ,” ಎನ್ನುತ್ತಿದ್ದರು. ಜೀವಮಾನದಲ್ಲಿ ಒಂದು ಮೊಲವನ್ನೂ ಹೊಡೆದವರಲ್ಲ.

ರೈಫಲ್ ಆರಿಸುವುದರಲ್ಲಿ ಅವರ ಕುತಂತ್ರ ಒಂದಿತ್ತು. ಬಂದವರಿಗೆಲ್ಲ ದೊಡ್ಡದೇ ಬೇಕು. ಹೆಗಲು ಮುರಿಯುವಂಥ ತೋಟಾ, ನೀರಿನ ಬಾಟಲಿಯಷ್ಟು ದಪ್ಪ ದುರ್ಬೀನು. ಪೊರ್ಬುಗಳು ವಾದ ಮಾಡುತ್ತಿರಲಿಲ್ಲ. ಗುಂಡು ಹೊಡೆದು ನೋಡುವ ರೇಂಜಿಗೆ ಕರೆದುಕೊಂಡು ಹೋಗಿ, ಅವರು ಕೇಳಿದ ದೊಡ್ಡ ರೈಫಲನ್ನೇ ಕೊಟ್ಟು, ನಡುವೆ ಗೊತ್ತಾಗದ ಹಾಗೆ ಮದ್ದಿಲ್ಲದ ಸುಳ್ಳು ತೋಟಾ ಒಂದನ್ನು ತುಂಬಿಸಿಬಿಡುವರು. ರೈಫಲಿನ ಕುದುರೆ ಎಳೆದರೆ ಟಿಕ್ ಎಂದಷ್ಟೇ ಶಬ್ದ. ಆದರೆ ಹೊಡೆತ ಬಂದೇಬಿಟ್ಟಿತೆಂದು ಆ ಮನುಷ್ಯನ ಹೆಗಲು ಹಾರಿ, ಕಣ್ಣು ಮುಚ್ಚಿ, ನಳಿಕೆ ಒಂದು ಗೇಣು ಕೆಳಗೆ ಬಾಗಿರುತ್ತಿತ್ತು. ಎಲ್ಲರಿಗೂ ಕಾಣುವ ಹಾಗೆ. “ನೋಡಿದಿರಾ, ನೀವು ಇದಕ್ಕೆ ಹೆದರ್ತೀರಿ. ಹೆದರದ್ದನ್ನು ತೆಗೊಳ್ಳುವ,” ಎಂದು ಆಗ ಸಣ್ಣದನ್ನು ಕೈಗೆ ಕೊಡುವರು. ಕೆಲವರು ನಗುತ್ತಿದ್ದರು, ಕೆಲವರು ಕೆಂಪಾಗಿ ಅಂಗಡಿ ಬಿಟ್ಟು ಹೋಗುತ್ತಿದ್ದರು. ಹೋದವರಿಗಾಗಿ ಕಫೀಲ್ ನನಗೆ ಬೈಯುತ್ತಿದ್ದ, ಏಕೆಂದರೆ ಪೊರ್ಬುಗಳಿಗೆ ಬೈದರೆ ಅವರು ಕಿವಿಯೇ ಕೊಡುತ್ತಿರಲಿಲ್ಲ.

ಇಷ್ಟು ಜಂಬದ ಮನುಷ್ಯ ಒಂದು ತಪ್ಪು ಮಾಡಿದ್ದರು. ನಾನು ಸೇರಿದ ವರ್ಷವೇ. ಆಗಸ್ಟಿನ ನಡುಮಧ್ಯಾಹ್ನ, ಕಾರಿನ ಡಿಕ್ಕಿಯಲ್ಲಿ ಬೆಂದಿದ್ದ ತೋಟಾಗಳಿಂದಲೇ ಒಬ್ಬರ ರೈಫಲಿಗೆ ಗುರಿ ಹೊಂದಿಸಿ ಕಳಿಸಿಬಿಟ್ಟರು. ಬಿಸಿಗೆ ಮದ್ದು ಚುರುಕು, ಚಳಿಗೆ ಮಂಕು. ಅಲ್ಲಿ ಬೆಟ್ಟದ ಮೇಲೆ ಹಿಮ. ಗುಂಡು ಎದೆಗೆ ಹೋಗುವ ಬದಲು ಕೆಳಗೆ ಬಿದ್ದು ಪ್ರಾಣಿಯ ಕಾಲು ಮುರಿಯಿತು. ಅದು ಮೂರು ಕಾಲಿನಲ್ಲಿ ಕಾಡು ಸೇರಿತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಗಿರಾಕಿ ವಾಪಸು ಬಂದು ಇದನ್ನು ದೂರೆಂದು ಹೇಳಲಿಲ್ಲ, ಸುದ್ದಿಯಾಗಿ ಹೇಳಿದ. ಪೊರ್ಬುಗಳು ಅವತ್ತು ಊಟದ ಡಬ್ಬಿ ತೆರೆಯಲಿಲ್ಲ. ವಾರದ ರಜೆಯ ಶುಕ್ರವಾರ ಇಗರ್ಜಿಗೆ ಹೋಗಿ ಪಾಪನಿವೇದನೆ ಮಾಡಿಕೊಂಡರಂತೆ.

“ಫಾದರ್‌ಗೆ ಅರ್ಥ ಆಗ್ಲಿಲ್ಲ ಮಾರಾಯ್ತಿ,” ಎಂದರು ಮರುದಿನ. “ಜಿಂಕೆ ಕೊಂದದ್ದಾ ಅಂತ ಕೇಳಿದ್ರು. ಅಲ್ಲ ಫಾದರ್, ಕೊಲ್ಲದೆ ಬಿಟ್ಟದ್ದು ಅಂದೆ. ಅದು ಪಾಪ ಅಲ್ಲ, ಹೋಗು ಅಂದ್ರು. ಅವರಿಗೆಂತ ಗೊತ್ತು.”

ಪಾದ್ರಿ ಮನ್ನಿಸಿದರೂ ಇವರು ತಮ್ಮನ್ನು ಮನ್ನಿಸಿಕೊಳ್ಳಲಿಲ್ಲ. ಅವತ್ತಿನಿಂದ ಕಾರ್ಡು ಶುರುವಾಯಿತು. ಪ್ರತಿ ರೈಫಲಿಗೂ ಒಂದು ದಪ್ಪ ಕಾಗದದ ಕಾರ್ಡು. ನಾನು ಟೈಪು ಮಾಡಬೇಕು, ಅವರು ಸಹಿ ಹಾಕಬೇಕು. ಯಾರ ಹೆಗಲಿಗೆ ಹೊಂದಿಸಿದ್ದು, ಯಾವ ತೋಟಾ, ಎಷ್ಟು ಮೀಟರಿನವರೆಗೆ ಹೊಡೆಯಬಹುದು. ಕೆಳಗೆ ಒಂದು ಸಾಲು: ಅಲ್ಲಿಗೆ ಹೋದ ಮೇಲೆ ಅಲ್ಲಿನ ಚಳಿಯಲ್ಲಿ ಪುನಃ ಗುರಿ ನೋಡಿಕೊಳ್ಳಿ. ಮೀಟರನ್ನು ಅವರು ರೈಫಲ್ ನೋಡಿ ಬರೆಯುತ್ತಿರಲಿಲ್ಲ, ಮನುಷ್ಯನನ್ನು ನೋಡಿ ಬರೆಯುತ್ತಿದ್ದರು. ರೇಂಜಿನಲ್ಲಿ ಗಿರಾಕಿಯನ್ನು ಮೊದಲು ಇನ್ನೂರು ಹೆಜ್ಜೆ ಓಡಿಸುವರು. ಏದುಸಿರು ಬಿಡುತ್ತಿರುವಾಗಲೇ ಮಲಗಿ ಹೊಡೆಯಬೇಕು. ಆಗ ಎಷ್ಟು ದೂರದ ಗುರಿಗೆ ಗುಂಡು ತಪ್ಪದೆ ತಾಗುತ್ತದೋ ಅದೇ ಅವನ ದೂರ. ವಿಚಿತ್ರವೆಂದರೆ ಬರಬರುತ್ತ ಆ ಕಾರ್ಡಿಗೇ ಹೆಸರು ಬಂತು. ಸಂಜೆ ಹರಟೆಗೆ ಸೇರುವ ದಿವಾನಿಯಾಗಳಲ್ಲಿ ಕೂತು ಗಂಡಸರು ‘ನನ್ನದು ನಾನೂರು’, ‘ನನ್ನದು ಐನೂರು’ ಎಂದು ಕಾರ್ಡು ತೋರಿಸಿಕೊಳ್ಳುತ್ತಿದ್ದರಂತೆ.

ಅದೇ ಮುಳುವಾಯಿತು. ಹೋದ ವರ್ಷ ಬು ಫಹದ್ ಬಂದರು. ಕಫೀಲನ ಹೆಂಡತಿಯ ಅಣ್ಣ. ಒಳ್ಳೆಯ ಮನುಷ್ಯರೇ, ಆದರೆ ಎಂಟುನೂರು ಮೀಟರಿನ ಕಾರ್ಡು ಬೇಕೆಂದು ತೀರ್ಮಾನಿಸಿಕೊಂಡೇ ಬಂದಿದ್ದರು. ಸಣ್ಣ ರೈಫಲ್ ಬೇಡವೇ ಬೇಡ ಎಂದರು. ಸುಳ್ಳು ತೋಟಾದ ಪರೀಕ್ಷೆಯಲ್ಲಿ ಬೆಚ್ಚಿದರೂ ಬೇಡ ಎಂದರು. ರೇಂಜಿನಲ್ಲಿ ಫೈಲು ಹಿಡಿದುಕೊಂಡು ನಾನೂ ಇದ್ದೆ. ಪೊರ್ಬುಗಳು ಅವರನ್ನು ಓಡಿಸಿದರು. ಬು ಫಹದ್ ಆರುನೂರರ ಗುರಿಗೆ ಐದು ಹೊಡೆದರು, ಒಂದು ತಾಗಿತು. ಮುನ್ನೂರಕ್ಕೆ ಮೂರು ಹೊಡೆದರು, ಮೂರೂ ಗುರಿಯ ಕಾಗದದ ಮೇಲೆ ಬಿದ್ದವು. ಪೊರ್ಬುಗಳು ಕಾಗದ ಸುತ್ತಿಕೊಂಡು, “ಮುನ್ನೂರು” ಎಂದರು.

ಮರುದಿನ ಕಫೀಲ್ ಇಬ್ಬರನ್ನೂ ಒಳಗೆ ಕರೆದ. ಅವನ ಮೇಜಿನ ಮೇಲೆ ಪೊರ್ಬುಗಳ ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಿಸುವ ಫಾರ್ಮು ಇತ್ತು. ನಾನೇ ತುಂಬಿ ಕೊಟ್ಟದ್ದು. ಅರವತ್ತು ದಾಟಿದವರ ಇಕಾಮಾ ಎಂದರೆ ಕಫೀಲನ ಸಹಿಯೂ ಬೇಕು, ಮನಸ್ಸೂ ಬೇಕು. ಅದಾಗದಿದ್ದರೆ ತಿಂಗಳೊಳಗೆ ಪೊರ್ಬುಗಳು ದೇಶ ಬಿಡಬೇಕು.

“ರೈಫಲ್ ಎಂಟುನೂರು ಹೋಗುತ್ತದೋ ಇಲ್ಲವೋ?” ಎಂದು ಕೇಳಿದ ಕಫೀಲ್.

“ರೈಫಲ್ ಸಾವಿರವೂ ಹೋಗ್ತದೆ. ಅವರು ಹೋಗುದಿಲ್ಲ.”

“ಒಂದು ಕಾಗದ, ಸಿರಿಲ್. ಒಂದು ಸಹಿ.”

“ಹೊಟ್ಟೆಗೆ ಗುಂಡು ಬಿದ್ರೆ ಆ ಪ್ರಾಣಿ ಎರಡು ದಿನ ನರಳ್ತದೆ. ನಿಮ್ಮ ಭಾವನಿಗೆ ದಿವಾನಿಯಾದಲ್ಲಿ ತೋರಿಸ್ಲಿಕ್ಕೆ ಅಂತ ನಾನು ಬರಿಲಿಕ್ಕಿಲ್ಲ.”

ನಾನು ಇದನ್ನೆಲ್ಲ ಅರಬ್ಬಿಗೆ ತಿರುಗಿಸುತ್ತ ಬೆವರುತ್ತಿದ್ದೆ. ಕಫೀಲ್ ಕೆಟ್ಟವನಲ್ಲ. ಅವನಿಗೂ ಮನೆಯಲ್ಲಿ ಹೆಂಡತಿ ಇದ್ದಾಳೆ. ಪೆನ್ನು ತೆಗೆದು ಫಾರ್ಮಿನ ಮೇಲಿಟ್ಟ. “ಐನೂರು ಬರಿ. ನಾನು ಈಗಲೇ ಇದಕ್ಕೆ ಸಹಿ ಹಾಕುತ್ತೇನೆ. ಖಲಾಸ್.”

ಬರೆಯಿರಿ ಪೊರ್ಬುಗಳೇ ಎಂದು ನಾನು ತುಳುವಿನಲ್ಲಿ ಹೇಳಿಯೇಬಿಟ್ಟೆ. ನನಗೆ ಅವರು ಹೋಗುವುದು ಬೇಡವಾಗಿತ್ತು, ಅಷ್ಟೇ. ಅವರು ನನ್ನ ಕಡೆ ನೋಡಲಿಲ್ಲ. ರೇಂಜಿನಿಂದ ತಂದ ಕಾಗದವನ್ನು ಮೇಜಿನ ಮೇಲೆ ಬಿಡಿಸಿದರು. ಕನ್ನಡಕ ಏರಿಸಿ, ಮೂರನೆಯ ತೂತಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಅದು ಅಂಚಿನಲ್ಲಿತ್ತು.

“ನನ್ನದು ತಪ್ಪಾಯ್ತು,” ಎಂದರು. “ಇದು ಮುನ್ನೂರೂ ಅಲ್ಲ. ಇನ್ನೂರೈವತ್ತು.”

ಕಫೀಲ್ ಪೆನ್ನಿನ ಮುಚ್ಚಳ ಹಾಕಿದ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಫೀಲನ ಮೇಲಲ್ಲ, ಈ ಮುದುಕನ ಮೇಲೆ. ಶುಕ್ರವಾರ ಇಗರ್ಜಿಯ ಪೂಜೆ ಮುಗಿಸಿ ಬಂದು ಪೊರ್ಬುಗಳು ಅಬ್ಬಾಸಿಯಾದ ತಮ್ಮ ರೂಮಿನಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದರು. ಅವರೊಡನೆ ರೂಮು ಹಂಚಿಕೊಂಡಿದ್ದವರು ಅಡುಗೆಮನೆಯಲ್ಲಿ ಮೀನು ಹುರಿಯುತ್ತಿದ್ದರು. ನಾನು ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೆ. ಹೋದವಳೇ ಬಾಗಿಲಲ್ಲೇ ಶುರು ಮಾಡಿದೆ. ಕಡೇಪಕ್ಷ ಮುನ್ನೂರಕ್ಕಾದರೂ ನಿಲ್ಲಬಹುದಿತ್ತಲ್ಲ, ಇಳಿಸಲು ಹೇಳಿದವರು ಯಾರು, ಏನು ಹಟ ಇದು ಎಂದೆ.

“ಹಟ ಅಲ್ಲ ಮಾರಾಯ್ತಿ. ಮೊದಲನೇ ಸಲ ಗಡಿಬಿಡಿಯಲ್ಲಿ ನೋಡಿದ್ದೆ. ಎರಡನೇ ಸಲ ಸರಿಯಾಗಿ ನೋಡಿದೆ,” ಎಂದು ಶರ್ಟು ಮಡಚುತ್ತ ಹೇಳಿದರು. “ಐನೂರು ಅಂತ ಅವನು ಹೇಳದಿದ್ರೆ ನಾನು ಎರಡನೇ ಸಲ ನೋಡ್ತಿರಲಿಲ್ಲ. ಅವನಿಗೆ ಥ್ಯಾಂಕ್ಸ್ ಹೇಳು.”

ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಸ್ಕ್ರೂಡ್ರೈವರುಗಳೇ ಜಾಸ್ತಿ ಇದ್ದವು. ಅವರ ಮುಖದಲ್ಲಿ ದುಃಖದ ಗುರುತಿರಲಿಲ್ಲ. ಊರಿನಲ್ಲಿ ಈಗ ಹೊಲಿಗೆ ಮೆಷಿನು ರಿಪೇರಿ ಗೊತ್ತಿರುವವರೇ ಇಲ್ಲ, ಒಂದು ಸಣ್ಣ ಅಂಗಡಿ ಹಾಕುತ್ತೇನೆ ಎಂದರು. ನನ್ನ ಮಗಳು ಇಂಗ್ಲಿಷಿನಲ್ಲಿ ‘ಬೈ ಅಂಕಲ್’ ಎಂದಾಗ, “ಹೋಗಿ ಬರ್ತೇನೆ ಅಂತ ಹೇಳ್ಬೇಕು” ಎಂದು ತಿದ್ದಿ, ‘ಹೋಗುವುದು ನಾನಲ್ವಾ’ ಎಂದು ತಾವೇ ನಕ್ಕರು. ಅವರನ್ನು ನಾನು ಕಡೆಯದಾಗಿ ನೋಡಿದ್ದು ಹಾಗೆ.

ಅವರು ವಿಮಾನ ಹತ್ತಿದ ವಾರದಲ್ಲಿ ಬು ಫಹದ್ ರೈಫಲ್ ಒಯ್ಯಲು ಬರುವುದಿತ್ತು. ಬೆಳಿಗ್ಗೆ ಕಫೀಲ್ ನನ್ನ ಮೇಜಿನ ಬಳಿ ನಿಂತು, ಬೇರೆಲ್ಲೋ ನೋಡುತ್ತ ಹೇಳಿದ: “ಸಿರಿಲ್‌ನ ಕಾರ್ಡುಗಳನ್ನೆಲ್ಲ ಟೈಪು ಮಾಡಿದವಳು ನೀನು. ಅವನ ಸಹಿ ನಿನಗೆ ಗೊತ್ತು. ಎಂಟುನೂರು ಹಾಕಿ ಸಹಿ ಮಾಡಿಡು. ಯಲ್ಲಾ, ಬೇಗ.”

ಗೊತ್ತಿತ್ತು. ಸಾವಿರ ಕಾರ್ಡು ಕಂಡವಳಿಗೆ ಆ ಸಹಿ ಏನು ಕಷ್ಟ. ರಿಗ್ಗೈಯ ನನ್ನ ಮನೆಯ ಬಾಡಿಗೆ, ಮಕ್ಕಳ ಶಾಲೆ, ಎಲ್ಲ ಇದೇ ಅಂಗಡಿಯ ಇಕಾಮಾದ ಮೇಲೆ ನಿಂತಿದೆ ಎಂಬುದೂ ಗೊತ್ತಿತ್ತು. ಡ್ರಾಯರಿನಿಂದ ರೇಂಜಿನ ಕಾಗದ ತೆಗೆದೆ. ಬಿಡಿಸಿದೆ. ಮೂರು ತೂತುಗಳನ್ನೂ ಒಂದೊಂದಾಗಿ ನೋಡಿದೆ. ಆಮೇಲೆ ಕಾರ್ಡು ಟೈಪು ಮಾಡಿದೆ.

ಬು ಫಹದ್ ಬಂದಾಗ ಅದನ್ನು ಅವರ ಮುಂದಿಟ್ಟೆ. ಇನ್ನೂರೈವತ್ತು ಮೀಟರ್. ಅವರು ಓದಿದರು. ಪೂರ್ತಿ ಓದಿದರು, ಚಳಿಯ ಸಾಲನ್ನೂ. ಕಫೀಲ್ ಬಾಗಿಲಲ್ಲಿ ನಿಂತಿದ್ದ, ಅವನ ಮುಖ ಕಪ್ಪಾಗಿತ್ತು.

“ಇದು ಯಾರ ಸಹಿ?” ಎಂದರು ಬು ಫಹದ್.

“ನನ್ನದು. ನೀವು ಓಡಿದಾಗ ನಾನು ಅಲ್ಲೇ ಇದ್ದೆ.”

ಅವರು ಕಾರ್ಡನ್ನು ಜೇಬಿಗೆ ಹಾಕಿಕೊಂಡು ರೈಫಲ್ ಎತ್ತಿಕೊಂಡು ಹೋದರು. ಕಫೀಲ್ ಅವತ್ತು ನನ್ನೊಡನೆ ಮಾತಾಡಲಿಲ್ಲ. ಮರುದಿನವೂ ಇಲ್ಲ.

ಸಂಜೆ ಕಿನ್ನಿಗೋಳಿಗೆ ಫೋನು ಮಾಡಿದೆ. ಭೇಷ್ ಎನ್ನುತ್ತಾರೆಂದು ಒಳಗೊಳಗೆ ಆಸೆ ಇತ್ತು. ಆ ಕಡೆ ಒಂದು ಮೆಷಿನು ಟರ್ರೆನ್ನುತ್ತಿತ್ತು, ನಿಂತಿತು.

“ನಿನಗೆಂತ ಹುಚ್ಚಾ? ಮಕ್ಕಳಿಲ್ವಾ ನಿನಗೆ?” ಎಂದರು. ಆಮೇಲೆ ಧ್ವನಿ ಬದಲಾಯಿತು. “ಇನ್ನೂರೈವತ್ತು ಅಂತ ನಾನು ಹೇಳಿದ್ದಕ್ಕೆ ಹಾಕಿದ್ದಾ, ಕಾಗದ ನೋಡಿ ಹಾಕಿದ್ದಾ?”

“ನೋಡಿಯೇ ಹಾಕಿದ್ದು ಪೊರ್ಬುಗಳೇ.”

“ಹಾಗಾದ್ರೆ ಅದು ನಿನ್ನ ಕಾರ್ಡು. ನಂಗೆ ಎಂತಕ್ಕೆ ಫೋನ್ ಮಾಡಿದ್ದು?” ಎಂದು ಇಟ್ಟುಬಿಟ್ಟರು.

ನನ್ನ ಇಕಾಮಾ ಮುಗಿಯುವುದು ಮಾರ್ಚಿನಲ್ಲಿ. ಫಾರ್ಮನ್ನು ನಾನೇ ತುಂಬಿ ಕಫೀಲನ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ಅವನು ಇನ್ನೂ ಸಹಿ ಹಾಕಿಲ್ಲ, ನಾನೂ ಕೇಳಲು ಹೋಗಿಲ್ಲ. ನಾಳೆ ರೇಂಜಿಗೆ ಹೊಸ ಗಿರಾಕಿ ಬರುವುದಿದೆ. ಇನ್ನೂರು ಹೆಜ್ಜೆ ಓಡಬೇಕಾಗುತ್ತದೆ, ಒಳ್ಳೆಯ ಬೂಟು ಹಾಕಿಕೊಂಡು ಬನ್ನಿ ಎಂದು ಫೋನಿನಲ್ಲಿ ಹೇಳಿದ್ದೇನೆ.